ಕರೆನ್ಸಿಯೋ, ತಿಂಗಳ ಬಿಲ್ಲೋ?

ಎರಡು ವರ್ಷದ ಕರಾರಿಗೆ ಸಹಿ ಹಾಕಿ, ಹ್ಯಾಂಡ್‌ಸೆಟ್ಟಿನ ಬೆಲೆಯನ್ನೂ ತಿಂಗಳ ಬಿಲ್ಲಿನಲ್ಲೇ ತೀರಿಸುವುದು ಅಮೆರಿಕ, ಬ್ರಿಟನ್‌ಗಳಲ್ಲಿ ಹಳೆಯ ರೂಢಿ. ಭಾರತದಲ್ಲಿ ಅದು ಬೇರು ಬಿಡಲಿಲ್ಲ. 2003ರಲ್ಲಿ ರಿಲಯನ್ಸ್ 501 ರೂಪಾಯಿಗೆ ಫೋನ್ ಕೈಗಿಟ್ಟು, ಉಳಿದ ಹಣವನ್ನು ತಿಂಗಳ ಕಂತಿನಲ್ಲಿ ಕಟ್ಟಿಸಿಕೊಳ್ಳುವ ಯೋಜನೆ ತಂದಿತ್ತು. ಜನ ಮುಗಿಬಿದ್ದರು, ಆಮೇಲೆ ಬಿಲ್ ಕಟ್ಟದವರ ಬಾಕಿಯೇ ಕಂಪನಿಗೆ ಹೊರೆಯಾಯಿತು. ಇಂದು ದೇಶದ ಹತ್ತು ಸಂಪರ್ಕಗಳಲ್ಲಿ ಒಂಬತ್ತಕ್ಕೂ ಹೆಚ್ಚು ಪ್ರೀಪೇಯ್ಡ್.

ಮೊದಲೇ ಕರೆನ್ಸಿ ಹಾಕಿಸಿದರೆ ಖರ್ಚು ಕೈ ಮೀರುವುದಿಲ್ಲ. ದಿನಗೂಲಿಯವರಿಗೆ, ಓದುವ ಮಕ್ಕಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇಕಿಲ್ಲ. ಆದರೆ 28 ದಿನದ ವ್ಯಾಲಿಡಿಟಿಯನ್ನು ತಿಂಗಳೆಂದು ನಂಬಿದರೆ ಲೆಕ್ಕ ತಪ್ಪುತ್ತದೆ. ವರ್ಷದಲ್ಲಿ ತಿಂಗಳು ಹನ್ನೆರಡು, ರೀಚಾರ್ಜ್ ಹದಿಮೂರು. 299 ರೂಪಾಯಿಯ ಪ್ಯಾಕ್ ಹಾಕಿಸುವವರ ವರ್ಷದ ಖರ್ಚು 3,588 ಅಲ್ಲ, 3,887. ದೂರುಗಳು ಹೆಚ್ಚಿದ ಮೇಲೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2022ರ ಜನವರಿಯಲ್ಲಿ, 30 ದಿನದ ಪ್ಯಾಕ್‌ಗಳನ್ನೂ ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಪ್ಯಾಕ್‌ಗಳನ್ನೂ ಇಡಲೇಬೇಕೆಂದು ಎಲ್ಲ ಕಂಪನಿಗಳಿಗೆ ಆದೇಶಿಸಿತು. ಅಂಗಡಿಯಲ್ಲಿ ಕೇಳಿ ಪಡೆಯಬೇಕಾದ ಹಕ್ಕು ಇದು.

ಕೀಪ್ಯಾಡ್ ಫೋನ್ ಹಿಡಿದ ಅಜ್ಜ ಅಜ್ಜಿಯರು ಬಳಸದ ಡೇಟಾಕ್ಕೂ ವರ್ಷಗಟ್ಟಲೆ ಹಣ ತೆತ್ತರು. ಇದು ಅನ್ಯಾಯವೇ. ಕರೆ ಮತ್ತು ಎಸ್‌ಎಂಎಸ್‌ಗಷ್ಟೇ ಪ್ರತ್ಯೇಕ ಪ್ಯಾಕ್ ಇರಬೇಕೆಂದು ಟ್ರಾಯ್ ಹೇಳಿದ್ದು 2024ರ ಡಿಸೆಂಬರ್‌ನಲ್ಲಿ. ಮನೆಯ ಹಿರಿಯರಿಗೆ ರೀಚಾರ್ಜ್ ಮಾಡಿಸುವ ಮಕ್ಕಳು ಮೊದಲು ಇದನ್ನೇ ನೋಡಬೇಕು.

ಪೋಸ್ಟ್‌ಪೇಯ್ಡ್ ಯಾರಿಗೆ? ಪ್ರೀಪೇಯ್ಡ್ ಪ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಡೇಟಾ ದಿನದ ಮಿತಿಯಲ್ಲಿ ಸಿಗುತ್ತದೆ, ಉಳಿದದ್ದು ಮಧ್ಯರಾತ್ರಿಗೆ ಹೋಯಿತು. ಪೋಸ್ಟ್‌ಪೇಯ್ಡ್‌ನಲ್ಲಿ ತಿಂಗಳ ಡೇಟಾ ಒಟ್ಟಿಗೇ ಸಿಗುವುದರಿಂದ, ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಬಳಸುವವರಿಗೆ ಹೊಂದುತ್ತದೆ. ಒಂದೇ ಬಿಲ್ಲಿನಲ್ಲಿ ಮನೆಮಂದಿಯ ನಂಬರ್‌ಗಳನ್ನೂ ಸೇರಿಸಬಹುದು. ಜಾಹೀರಾತಿನ ಬೆಲೆಯ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ ಎಂಬುದು ಮಾತ್ರ ನೆನಪಿರಲಿ: 449ರ ಪ್ಲಾನ್‌ಗೆ ಕಟ್ಟುವುದು ಸುಮಾರು 530. ಪ್ರೀಪೇಯ್ಡ್ ದರದಲ್ಲಿ ತೆರಿಗೆ ಸೇರಿಯೇ ಇರುತ್ತದೆ.

ನಮ್ಮಲ್ಲಿ ದೀರ್ಘ ಕರಾರಿನಂತೆ ನಡೆಯುವುದು ವಾರ್ಷಿಕ ರೀಚಾರ್ಜ್. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ, ಅದಕ್ಕೆ ಮುಂಚೆ ವರ್ಷಕ್ಕೆ ಹಾಕಿಸಿದ್ದವರು ಹಳೆಯ ದರದಲ್ಲೇ ನಿಶ್ಚಿಂತರಾಗಿದ್ದರು. ಆದರೆ ನಡುವೆ ಬೇರೆ ಕಂಪನಿಗೆ ಪೋರ್ಟ್ ಮಾಡಿಸಿದರೆ ಉಳಿದ ದಿನಗಳ ಹಣ ಹೋದಂತೆಯೇ. ಮಲೆನಾಡಿನ ಕಣಿವೆಯ ಮನೆಗಳಲ್ಲಿ ಒಂದು ಕಂಪನಿಯ ಸಿಗ್ನಲ್ ಸಿಕ್ಕರೆ ಇನ್ನೊಂದರದು ಸಿಗದು. ಆದ್ದರಿಂದ ಹೊಸ ಸಿಮ್ ಕೊಂಡವರು ಮೊದಲು ಒಂದು ತಿಂಗಳ ಪ್ಯಾಕ್ ಹಾಕಿಸಿ, ಮನೆಯೊಳಗೂ ಕೆಲಸದ ಜಾಗದಲ್ಲೂ ಸಿಗ್ನಲ್ ನೋಡಿಕೊಂಡು, ಆಮೇಲೆ ವರ್ಷದ ಹಣ ಕಟ್ಟಲಿ.