ಕೊಡಗಿನ ಕಾಲೇಜುಗಳಲ್ಲಿ ಇಂಗ್ಲಿಷಿನ ಮೊದಲ ಪಾಠ

ಮುಂಗಾರು ಬಲವಾಗಿ ಹಿಡಿಯುವ ಹೊತ್ತಿಗೆ ಕೊಡಗಿನ ಕಾಲೇಜುಗಳಲ್ಲಿ ಪದವಿಯ ಮೊದಲ ತರಗತಿಗಳು ಆರಂಭವಾಗುವುದು ವಾಡಿಕೆ. ಇಂಗ್ಲಿಷಿನ ಉಪಾಧ್ಯಾಯರು ಒಳಗೆ ಬಂದು, ಒಬ್ಬೊಬ್ಬರಾಗಿ ಎದ್ದುನಿಂತು ಇಂಗ್ಲಿಷಿನಲ್ಲಿ ತಮ್ಮ ಪರಿಚಯವನ್ನು ಹೇಳಿಕೊಳ್ಳುವಂತೆ ಅಪ್ಪಣೆ ಕೊಡುತ್ತಾರೆ. ಕಾನ್ವೆಂಟಿನಲ್ಲಿ ಓದಿ ಬಂದವನು ತಡೆಯಿಲ್ಲದೆ ಹೇಳಿ ಕುಳಿತುಕೊಳ್ಳುತ್ತಾನೆ. ನಾಪೋಕ್ಲಿನ ಕಡೆಯ ಸರಕಾರಿ ಶಾಲೆಯಿಂದ ಬಂದ ಹುಡುಗಿ ಹೆಸರನ್ನು ಮಾತ್ರ ಹೇಳಿ ತಲೆ ತಗ್ಗಿಸುತ್ತಾಳೆ. ಹಾಡಿಯಿಂದಲೋ ತೋಟದ ಲೈನ್‌ಮನೆಯಿಂದಲೋ ಬಂದವನು ಅಷ್ಟನ್ನೂ ಹೇಳಲಾರನು. ವಾರ ಕಳೆಯುವುದರೊಳಗೆ ಮುಂದಿನ ಬೆಂಚು ಯಾರದು, ಹಿಂದಿನದು ಯಾರದು ಎಂಬುದು ತೀರ್ಮಾನವಾಗಿ ಹೋಗಿರುತ್ತದೆ. ಈ ವಿಂಗಡಣೆಯಲ್ಲಿ ಬುದ್ಧಿಯ ಪಾತ್ರ ಅತ್ಯಲ್ಪವೆಂದೂ, ತಂದೆತಾಯಿಗಳು ತೆತ್ತ ಶುಲ್ಕದ ಪಾತ್ರವೇ ದೊಡ್ಡದೆಂದೂ ನಾವು ಸಂಕೋಚವಿಲ್ಲದೆ ಹೇಳಬಲ್ಲೆವು.

ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆ. ಎಂದರೆ ಇಂದು ಕಾಲೇಜಿನ ಮೆಟ್ಟಿಲೇರುವ ವಿದ್ಯಾರ್ಥಿಯು ಹನ್ನೆರಡು ವರ್ಷ ಆ ಭಾಷೆಯ ನೆರಳಿನಲ್ಲಿ ನಡೆದು ಬಂದವನು. ಹನ್ನೆರಡು ವರ್ಷಗಳ ಮೇಲೆಯೂ ತನ್ನ ಊರಿನ ಬಗೆಗೆ ನಾಲ್ಕು ವಾಕ್ಯಗಳನ್ನು ತಾನಾಗಿ ಬರೆಯಲಾರನೆಂದರೆ ದೋಷವನ್ನು ಅವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಪದವಿಯ ಮೊದಲ ವರ್ಷದಲ್ಲಿ ಅವನಿಗೆ ಸಿಕ್ಕುವ ಇಂಗ್ಲಿಷ್ ಪಾಠವು ಈ ನಷ್ಟವನ್ನು ತುಂಬಿಕೊಡಬಹುದಾದ ಕಡೆಯ ಅವಕಾಶ. ಆ ಅವಕಾಶವು ಪದ್ಯದ ಸಾರಾಂಶವನ್ನು ಗೈಡಿನಿಂದ ಬಾಯಿಪಾಠ ಮಾಡಿ ಉತ್ತರಪತ್ರಿಕೆಯಲ್ಲಿ ಇಳಿಸುವುದರಲ್ಲಿ ಕಳೆದುಹೋಗುತ್ತಿರುವುದೇ ನಮ್ಮ ಆಕ್ಷೇಪ.

ಇಂಗ್ಲಿಷು ಕೊಡಗಿಗೆ ಬಂದ ಬಗೆಯನ್ನು ವಾಚಕರು ಇಲ್ಲಿ ನೆನಪಿಗೆ ತಂದುಕೊಳ್ಳಬೇಕು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ಕಂಪನಿಯ ರಾಜ್ಯಕ್ಕೆ ಸೇರಿಸಿಕೊಂಡಾಗ ಗವರ್ನರ್ ಜನರಲ್ ಆಗಿದ್ದವನು ಬೆಂಟಿಂಕ್. ಮರುವರ್ಷ, 1835ರಲ್ಲಿ, ಮೆಕಾಲೆಯ ಟಿಪ್ಪಣಿಗೆ ಒಪ್ಪಿಗೆಯಿತ್ತು ಸರಕಾರದ ವಿದ್ಯಾದ್ರವ್ಯವನ್ನು ಇಂಗ್ಲಿಷಿನ ಕಡೆಗೆ ತಿರುಗಿಸಿದವನೂ ಆತನೇ. ಅಲ್ಲಿಯವರೆಗೆ ಮಡಿಕೇರಿಯ ಅರಮನೆಯ ಲೆಕ್ಕಪತ್ರಗಳೂ ರಾಜರ ವೃತ್ತಾಂತವಾದ ರಾಜೇಂದ್ರನಾಮೆಯೂ ಕನ್ನಡದಲ್ಲಿದ್ದವು. ಒಂದೇ ಕೈ ರಾಜ್ಯವನ್ನು ತೆಗೆದುಕೊಂಡು ಪಠ್ಯಪುಸ್ತಕವನ್ನು ಕೊಟ್ಟಿತು. ಆ ಪಠ್ಯಪುಸ್ತಕದ ಬಗೆಗೆ ನಮ್ಮ ಜನಕ್ಕೆ ಆಶೆಯೂ ಅಂಜಿಕೆಯೂ ಒಟ್ಟಿಗೇ ಹುಟ್ಟಿದುದರಲ್ಲಿ ಆಶ್ಚರ್ಯವೇನು?

ಆದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಕೊಡಗಿನ ಸೂಪರಿಂಟೆಂಡೆಂಟರಾಗಿದ್ದ ಕ್ಯಾಪ್ಟನ್ ಕೋಲ್ ಎಂಬಾತನು 1867ರಲ್ಲಿ ಕೊಡವ ನುಡಿಗೆ ಒಂದು ಪ್ರಾಥಮಿಕ ವ್ಯಾಕರಣವನ್ನು ಬರೆದು ಪ್ರಕಟಿಸಿದನು. ಆಳುವ ಅಧಿಕಾರವು ತನ್ನ ಕೈಯಲ್ಲಿದ್ದರೂ ಈ ನಾಡಿನ ಮಾತಿಗೆ ಮೊದಲ ಪಾಠಗಳನ್ನು ಸಿದ್ಧಪಡಿಸಲು ಆತನು ಕುಳಿತನು. ತನಗೆ ಗೊತ್ತಿದ್ದ ಭಾಷೆಯ ಮೂಲಕವೇ ಗೊತ್ತಿಲ್ಲದ ಭಾಷೆಯನ್ನು ವಿವರಿಸಿದನು; ಹೊಸ ಭಾಷೆಯನ್ನು ಕಲಿಯುವ ಪ್ರಾಯಸ್ಥನಿಗೆ ಬೇರೆ ದಾರಿಯೂ ಇಲ್ಲ. ನಮ್ಮ ಕಾಲೇಜಿನ ಇಂಗ್ಲಿಷ್ ತರಗತಿಯಲ್ಲಿಯಾದರೋ ವಿದ್ಯಾರ್ಥಿಗೆ ಬೇರೆ ಯಾವ ಭಾಷೆಯೂ ಬಾರದೆಂಬಂತೆ ಪಾಠ ನಡೆಯುತ್ತದೆ. ಕನ್ನಡದ ಒಂದು ಮಾತು ಬಾಯಿಂದ ಜಾರಿದರೆ ಅದು ಅಪರಾಧ!

ವಾಸ್ತವವಾಗಿ ಕೊಡಗಿನ ವಿದ್ಯಾರ್ಥಿಯಷ್ಟು ಭಾಷಾಸಂಪತ್ತಿರುವವರು ಬೇರೆ ಕಡೆ ವಿರಳ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಎರವ, ತುಳು, ಮಲೆಯಾಳ, ಇವುಗಳಲ್ಲಿ ಒಂದು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎದುರಿನವರ ಮಾತು ಯಾವುದೋ ಅದು. ಹದಿನೆಂಟು ವರ್ಷಕ್ಕೆ ಮೂರು ನಾಲ್ಕು ನುಡಿಗಳ ನಡುವೆ ಸಲೀಸಾಗಿ ಓಡಾಡುವ ಈ ಮಕ್ಕಳನ್ನು ಭಾಷೆ ಬಾರದವರೆಂದು ಕರೆಯುವುದು ವಿಪರ್ಯಾಸ.

ಒಂದೆರಡು ಉದಾಹರಣೆಗಳಿಂದ ನಮ್ಮ ಅಭಿಪ್ರಾಯವು ಸ್ಪಷ್ಟವಾದೀತು. 'ನನಗೆ ಗೊತ್ತು', 'ನನಗೆ ಹಸಿವಾಗಿದೆ' ಎಂದು ನಾವು ಹೇಳುತ್ತೇವೆ. ತಿಳಿವೂ ಹಸಿವೂ ನಮ್ಮ ಬಳಿಗೆ ಬರುವ ವಸ್ತುಗಳು. ಇಂಗ್ಲಿಷಿನವನು ಎರಡು ಕಡೆಯೂ 'ಐ' ಎಂದು ತನ್ನನ್ನೇ ಕರ್ತೃಸ್ಥಾನದಲ್ಲಿ ನಿಲ್ಲಿಸುತ್ತಾನೆ. ನಮ್ಮಲ್ಲಿ 'ಅಲ್ಲವೇ' ಎಂಬ ಒಂದೇ ಮಾತು ಎಲ್ಲ ವಾಕ್ಯಗಳ ಕೊನೆಗೂ ಸಲ್ಲುತ್ತದೆ. ಅವರಲ್ಲಿ ಅದು ಕರ್ತೃವಿಗೂ ಕ್ರಿಯಾಪದಕ್ಕೂ ತಕ್ಕಂತೆ ವೇಷ ಬದಲಿಸಬೇಕು. ಆದುದರಿಂದಲೇ ನಮ್ಮ ಹುಡುಗರು ಎಲ್ಲೆಂದರಲ್ಲಿ 'ಈಸಂಟ್ ಇಟ್' ಎನ್ನುತ್ತಾರೆ. ಇದಕ್ಕೆ ಕಾರಣವು ಅಜ್ಞಾನವಲ್ಲ, ಒಂದು ಸುವ್ಯವಸ್ಥಿತ ಭಾಷೆಯ ಅಭ್ಯಾಸ. 'ನಿನ್ನೆ ಬಂದ ಹುಡುಗ' ಎಂಬಲ್ಲಿ ವಿಶೇಷಣವೆಲ್ಲ ಹುಡುಗನ ಮುಂದೆ ಸಾಲಾಗಿ ನಡೆದರೆ, ಇಂಗ್ಲಿಷಿನಲ್ಲಿ ಹುಡುಗನು ಮುಂದೆ, ಪರಿವಾರವು ಹಿಂದೆ. ಇಷ್ಟನ್ನು ಅರ್ಧಗಂಟೆ ಕನ್ನಡದಲ್ಲಿ ತಿಳಿಯಹೇಳಿದರೆ, ವರ್ಷವಿಡೀ ಕೆಂಪು ಮಸಿಯಿಂದ ತಿದ್ದಿದರೂ ಹೋಗದ ತಪ್ಪುಗಳು ಕಡಮೆಯಾಗುವುದು ಖಂಡಿತ. ನಾಮಪದದ ಮುಂದೆ ಬರುವ 'ಎ', 'ದಿ'ಗಳ ತೊಡಕಂತೂ ಬೇರೆ. ನಮ್ಮಲ್ಲಿ ಅಂಥ ಪ್ರತ್ಯೇಕ ಪದಗಳೇ ಇಲ್ಲವಾದುದರಿಂದ ಅದಕ್ಕೆ ಸಾವಕಾಶದ ಅಭ್ಯಾಸವೇ ಮದ್ದು.

ಉಚ್ಚಾರಣೆಯ ವಿಷಯದಲ್ಲಿ ಇನ್ನೂ ಸ್ವಾರಸ್ಯವಾದ ಸಂಗತಿಯೊಂದುಂಟು. ಕೊಡವ ತಕ್ಕ್‌ನಲ್ಲಿ ಕನ್ನಡ ಲಿಪಿಯಲ್ಲಿ ಪ್ರತ್ಯೇಕ ಅಕ್ಷರಗಳಿಲ್ಲದ, ನಾಲಗೆಯ ನಡುಭಾಗದಿಂದ ಹೊರಡುವ ಸ್ವರಗಳಿವೆ. 1930ರ ದಶಕದಲ್ಲಿ ಇಲ್ಲಿಗೆ ಬಂದು ಈ ನುಡಿಯನ್ನು ಅಭ್ಯಸಿಸಿದ ಅಮೆರಿಕದ ಪಂಡಿತ ಎಮೆನೋ ಅವರು 1970ರಲ್ಲಿ ಕೊಡಗು ಭಾಷೆಯ ಸ್ವರಗಳ ಮೇಲೆಯೇ ಒಂದು ಪ್ರತ್ಯೇಕ ಲೇಖನವನ್ನು ಪ್ರಕಟಿಸಿದರು. ಇಂಗ್ಲಿಷಿನಲ್ಲಿ 'ಬರ್ಡ್', 'ಅಬೌಟ್' ಮೊದಲಾದ ಪದಗಳಲ್ಲಿ ಕೇಳಿಬರುವ ಅಸ್ಪಷ್ಟ ಸ್ವರವು ಕನ್ನಡಿಗರಿಗೆ ಕಷ್ಟ. ಅದಕ್ಕೆ ಸಮೀಪದ ಧ್ವನಿಗಳು ಕೊಡವ ಮನೆಯ ಮಕ್ಕಳಿಗೆ ತೊಟ್ಟಿಲಿನಿಂದಲೇ ಬಂದಿವೆ. ಇದನ್ನು ಆ ಮಕ್ಕಳಿಗೆ ತಿಳಿಸಿದವರು ಯಾರಾದರೂ ಉಂಟೇ? ಮನೆಯ ಮಾತನ್ನು ಬಾಗಿಲ ಹೊರಗೆ ಬಿಟ್ಟು ಬಾ ಎಂದು ಹೇಳಿದವರು ಮಾತ್ರ ಹೇರಳ.

ಇನ್ನು ಓದಿಸುವ ವಸ್ತುವಿನ ವಿಚಾರ. ಇಂಗ್ಲಿಷ್ ಕಾವ್ಯದ ಬಗೆಗೆ ನಮಗೆ ದ್ವೇಷವಿಲ್ಲ. ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಶ್ರೀ ಬಿ. ಎಂ. ಶ್ರೀಕಂಠಯ್ಯನವರೇ ಆ ಕಾವ್ಯವನ್ನು ಇಂಗ್ಲಿಷ್ ಗೀತಗಳ ರೂಪದಲ್ಲಿ ತಂದು ಕನ್ನಡ ಕವಿತೆಗೆ ಹೊಸ ನಡೆಯನ್ನು ಕೊಟ್ಟರೆಂಬುದನ್ನು ಬಲ್ಲ ಯಾವ ಕನ್ನಡಿಗನೂ ಹಾಗೆ ದ್ವೇಷಿಸಲಾರನು. ಆದರೆ ಮೊದಲ ಪಾಠಕ್ಕೆ ಬೇಕಾದುದು ವಿದ್ಯಾರ್ಥಿಗೆ ಪರಿಚಿತವಾದ ಜಗತ್ತು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರವು ನಮ್ಮ ನಡುವೆಯೇ ಇದೆ. ಕಾಫಿ ಗಿಡದ ರೋಗಗಳ ಬಗೆಗೆ ಇಂಗ್ಲಿಷಿನಲ್ಲಿ ಬರೆದುದನ್ನು ಓದಿ ತಂದೆಗೆ ಹೇಳಬಲ್ಲ ಮಗನು ಎಷ್ಟು ಮನೆಗಳಲ್ಲಿದ್ದಾನೆ? ಜಮ್ಮಾ ಭೂಮಿಯ ವ್ಯಾಜ್ಯವು ಹೈಕೋರ್ಟಿಗೆ ಹೋದರೆ ತೀರ್ಪು ಇಂಗ್ಲಿಷಿನಲ್ಲಿ ಬರುತ್ತದೆ. ಅದರ ಅರ್ಥಕ್ಕಾಗಿ ವಕೀಲರ ಮನೆಯ ಜಗಲಿಯಲ್ಲಿ ಕಾಯಬೇಕು. ತಿಳಿವಳಿಕೆಗೆ ಸಾಲದ ಇಂಗ್ಲಿಷು ಮನುಷ್ಯನನ್ನು ಇನ್ನೊಬ್ಬರ ಜಗಲಿಯಲ್ಲಿಯೇ ಕೂರಿಸುತ್ತದೆ.

ಇದಕ್ಕಿಂತಲೂ ನಮ್ಮ ಮನಸ್ಸನ್ನು ನೋಯಿಸುವ ವಿಷಯ ಒಂದಿದೆ. ಮೋಗ್ಲಿಂಗ್ ಪಾದ್ರಿಗಳು 1855ರಲ್ಲಿ ಕೊಡಗಿನ ವೃತ್ತಾಂತವನ್ನು ಇಂಗ್ಲಿಷಿನಲ್ಲಿ ಬರೆದರು. ಮಡಿಕೇರಿಯಲ್ಲಿ ವಿದ್ಯಾಭ್ಯಾಸದ ಹೊಣೆ ಹೊತ್ತಿದ್ದ ರಿಕ್ಟರ್ ಅವರು 1870ರಲ್ಲಿ ಕೊಡಗಿನ ಕೈಪಿಡಿಯನ್ನು ಹೊರತಂದರು. ಕನ್ನಡಿಗರೇ ಆದ ಶ್ರೀ ಎಂ. ಎನ್. ಶ್ರೀನಿವಾಸ್ ಅವರು ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು ಬರೆದ ಗ್ರಂಥವು 1952ರಲ್ಲಿ ಪ್ರಕಟವಾಗಿ ಲೋಕದ ವಿಶ್ವವಿದ್ಯಾನಿಲಯಗಳಲ್ಲೆಲ್ಲ ಹೆಸರು ಮಾಡಿತು. ತನ್ನ ಐನ್‌ಮನೆಯ ಬಗೆಗೆ, ತನ್ನ ಹುತ್ತರಿಯ ಬಗೆಗೆ ಪರರು ಏನು ಬರೆದಿದ್ದಾರೆಂಬುದನ್ನು ಈ ನಾಡಿನ ಪದವೀಧರನು ತಾನೇ ಓದಿ, ಸರಿಯಾದುದನ್ನು ಸರಿಯೆಂದೂ ತಪ್ಪನ್ನು ತಪ್ಪೆಂದೂ ಹೇಳಲು ಶಕ್ತನಾಗಬೇಡವೇ? ಈ ಪುಸ್ತಕಗಳ ಒಂದೊಂದು ಪುಟವನ್ನು ಸುಲಭಗೊಳಿಸಿ ಮೊದಲ ವರ್ಷದ ಪಾಠವಾಗಿ ಇಟ್ಟರೆ, ಹಿಂದಿನ ಬೆಂಚಿನ ಹುಡುಗನಿಗೂ ಹೇಳಲು ಏನಾದರೂ ಇರುತ್ತದೆ. ಕಾನ್ವೆಂಟಿನ ಹುಡುಗನಿಗೆ ತಿಳಿಯದ ಸಂಗತಿ ಅವನಿಗೆ ತಿಳಿದಿರುತ್ತದೆ. ಹಾಡಿಯ ಹುಡುಗನು ತನ್ನವರ ಬಗೆಗೆ ಬರೆದುದನ್ನು ಓದಿ ಕೋಪಿಸಿಕೊಂಡರೆ ಇನ್ನೂ ಒಳ್ಳೆಯದು. ಕೋಪ ಬಂದವನಿಗೆ ವಾಕ್ಯ ತಾನಾಗಿ ಹೊರಡುತ್ತದೆ.

ಹೀಗೆ ಎದುರು ದಿಕ್ಕಿನಲ್ಲಿ ನಡೆದು ತೋರಿಸಿದವರು ನಮ್ಮಲ್ಲಿಯೇ ಇದ್ದಾರೆ. ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ಸುತ್ತಿ ಕೊಡವರ ಹಾಡುಗಳನ್ನೂ ಪದ್ಧತಿಗಳನ್ನೂ ಸಂಗ್ರಹಿಸಿ 1924ರಲ್ಲಿ ಕನ್ನಡ ಲಿಪಿಯಲ್ಲಿ ಪಟ್ಟೋಲೆ ಪಳಮೆಯನ್ನು ಪ್ರಕಟಿಸಿದರು. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ಅದನ್ನು ಇಂಗ್ಲಿಷಿಗೆ ಅನುವಾದಿಸಿ 2003ರಲ್ಲಿ ಹೊರತಂದರು. ಇಂಗ್ಲಿಷನ್ನು ಊಳಿಗಕ್ಕೆ ಹಚ್ಚುವುದೆಂದರೆ ಇದು.

1949ರಲ್ಲಿ ಮಡಿಕೇರಿಯಲ್ಲಿ ಸರಕಾರಿ ಕಾಲೇಜು ಸ್ಥಾಪಿತವಾಗುವವರೆಗೆ ಕೊಡಗಿನ ತರುಣರು ಉನ್ನತ ವಿದ್ಯೆಗಾಗಿ ಮದರಾಸು, ಮಂಗಳೂರು, ಮೈಸೂರುಗಳಿಗೆ ಹೋಗಬೇಕಾಗಿತ್ತು. ಆ ಕಾಲೇಜು ಇಂದು ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರನ್ನು ಹೊತ್ತಿದೆ. 2023ರಲ್ಲಿ ಚಿಕ್ಕಅಳುವಾರದಲ್ಲಿ ಕೊಡಗು ವಿಶ್ವವಿದ್ಯಾನಿಲಯವೇ ಆರಂಭವಾಯಿತು. ಮದರಾಸಿನವರು ಮಾಡಿದ ಪಠ್ಯವೆಂದೋ ಮೈಸೂರಿನವರು ಮಾಡಿದುದೆಂದೋ ಹೇಳಿ ಜಾರಿಕೊಳ್ಳಲು ನಮಗೆ ಈಗ ಎಡೆಯಿಲ್ಲ. ಈ ಜಿಲ್ಲೆಯ ಇಂಗ್ಲಿಷ್ ಅಧ್ಯಾಪಕರೂ ಕನ್ನಡ ಅಧ್ಯಾಪಕರೂ ಒಂದೇ ಮೇಜಿನ ಸುತ್ತ ಕುಳಿತು ನೂರು ಪುಟಗಳ ಒಂದು ಪ್ರವೇಶ ಪಠ್ಯವನ್ನು ಸಿದ್ಧಪಡಿಸುವುದು ಅಸಾಧ್ಯವೇ? ಇಂಗ್ಲಿಷ್ ತರಗತಿಯಲ್ಲಿ ಕನ್ನಡ ನುಸುಳಿದರೆ ಇಂಗ್ಲಿಷು ಕೆಡುವುದೆಂದು ಕೆಲವರು ಅಂಜುತ್ತಾರೆ. ಇಂಗ್ಲಿಷಿಗೆ ಇಷ್ಟು ಗಮನ ಕೊಟ್ಟರೆ ಕನ್ನಡ ಕೆಡುವುದೆಂದು ಮತ್ತೆ ಕೆಲವರು. ಎರಡು ಪಂಗಡದವರೂ ಹನ್ನೆರಡು ವರ್ಷ ಓದಿ ಎರಡರಲ್ಲಿಯೂ ಕಾಗದ ಬರೆಯಲಾರದ ಹುಡುಗನನ್ನು ಒಮ್ಮೆ ಮಾತನಾಡಿಸಿ ನೋಡಲಿ.

ಹಿಂದುಳಿದವರಿಗೆ ಸಂಜೆ ಪ್ರತ್ಯೇಕ ತರಗತಿ ನಡೆಸಿದರಾಯಿತೆಂಬ ಸಲಹೆಯು ಆಗಾಗ ಕೇಳಿಬರುತ್ತದೆ. ಹೇಳುವವರಿಗೆ ಈ ನಾಡಿನ ದಾರಿಗಳ ಪರಿಚಯ ಸಾಲದು. ಭಾಗಮಂಡಲದ ಕಡೆಗೆ, ನಾಪೋಕ್ಲಿನ ಕಡೆಗೆ ಹೋಗುವ ಮಕ್ಕಳು ಪಾಠದ ಗಂಟೆಗಿಂತ ಬಸ್ಸಿನ ಗಂಟೆಗೆ ಹೆಚ್ಚು ಅಧೀನರು. ಆ ಬಸ್ಸು ತಪ್ಪಿದರೆ ಕತ್ತಲೆಯಲ್ಲಿ ಹಲವು ಮೈಲಿ ನಡೆಯಬೇಕು. ಮಳೆಗಾಲದ ತಿಂಗಳುಗಳಲ್ಲಿ ರಜೆಗಳಿಂದಲೇ ಅರ್ಧ ಪಾಠ ಹೋಗುತ್ತದೆ; 2018ರ ಆಗಸ್ಟಿನಲ್ಲಿ ಗುಡ್ಡಗಳೇ ಜಾರಿ ರಸ್ತೆಗಳು ಮಾಯವಾದುದನ್ನು ನಾವೆಲ್ಲರೂ ಕಂಡಿದ್ದೇವೆ. ಆದುದರಿಂದ ಈ ಪ್ರವೇಶ ಪಾಠವು ಹಗಲಿನ ವೇಳಾಪಟ್ಟಿಯ ಒಳಗೇ, ಎಲ್ಲರೂ ಕುಳಿತಿರುವ ಹೊತ್ತಿನಲ್ಲಿ, ನಲವತ್ತಕ್ಕೆ ಮೀರದ ತರಗತಿಯಲ್ಲಿ ನಡೆಯಬೇಕು. ಮಳೆಯಿಂದ ತಪ್ಪಿದ ಗಂಟೆಗಳನ್ನು ಹುತ್ತರಿಯ ತರುವಾಯ ತುಂಬಿಕೊಡಬೇಕು. ಕಾಲೇಜುಗಳ ಆಡಳಿತವರ್ಗದವರು ಮುಂದಿನ ವರ್ಷದ ವೇಳಾಪಟ್ಟಿಯನ್ನು ಬರೆಯಲು ಕುಳಿತಾಗ ಬಸ್ಸುಗಳ ವೇಳಾಪಟ್ಟಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುವರೆಂದು ನಾವು ನಿರೀಕ್ಷಿಸುತ್ತೇವೆ.