ಮಗುವಿಗೆ ತಳ್ಳುಗಾಡಿ ಕೊಳ್ಳುವ ಮುಂಚೆ: ಬಣ್ಣ ಆಮೇಲೆ, ಮೊದಲು ಚಕ್ರ, ಬ್ರೇಕ್, ಬೆಲ್ಟ್ ನೋಡಿ

ಒಂದು ಕಾಲದಲ್ಲಿ ಬೆಂಗಳೂರು, ಮೈಸೂರಿನ ಪಾರ್ಕುಗಳಲ್ಲಿ ಮಾತ್ರ ಕಾಣುತ್ತಿದ್ದ ಮಕ್ಕಳ ತಳ್ಳುಗಾಡಿ ಈಗ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ರಸ್ತೆಗೂ ಬಂದಿದೆ. ಸೈಕಲ್ ಅಂಗಡಿ, ಆಟಿಕೆ ಅಂಗಡಿ, ಮಕ್ಕಳ ಬಟ್ಟೆ ಅಂಗಡಿ ಎಲ್ಲಾ ಕಡೆ ಒಂದೆರಡು ಗಾಡಿ ನೇತುಹಾಕಿರುತ್ತಾರೆ. ನಾಮಕರಣಕ್ಕೆ ಸೋದರಮಾವ ಕೊಡಿಸುವ ಉಡುಗೊರೆಗಳ ಪಟ್ಟಿಯಲ್ಲೂ ಇದು ಸೇರಿಕೊಂಡಿದೆ. ಆದರೆ ತಂದ ಎರಡೇ ತಿಂಗಳಿಗೆ ಅಟ್ಟ ಸೇರುವ ಗಾಡಿಗಳೂ ಕಮ್ಮಿ ಏನಿಲ್ಲ. ಹಾಗೆ ಆಗೋದು ಗಾಡಿ ಕೆಟ್ಟುಹೋಗಿದ್ದಕ್ಕಲ್ಲ. ಮನೆಯ ಬಾಗಿಲಿಗೆ, ಊರಿನ ರಸ್ತೆಗೆ, ಮಗುವಿನ ವಯಸ್ಸಿಗೆ ಹೊಂದದ ಗಾಡಿ ತಂದಿದ್ದಕ್ಕೆ. ಸಾವಿರಾರು ರೂಪಾಯಿ ಕೊಡುವ ಮುಂಚೆ ಏನೇನು ನೋಡಬೇಕು ಅನ್ನೋದರ ವಿವರ ಇಲ್ಲಿದೆ.

ಪ್ರಾಮ್, ಸ್ಟ್ರಾಲರ್, ವಾಕರ್ ಒಂದೇ ಅಲ್ಲ

ಅಂಗಡಿಯಲ್ಲಿ ಎಲ್ಲದಕ್ಕೂ 'ಬೇಬಿ ಗಾಡಿ' ಅಂತಲೇ ಹೆಸರು. ಆದರೆ ಮೂರೂ ಬೇರೆ ಬೇರೆ. ಮಗುವನ್ನು ಪೂರ್ತಿ ಮಲಗಿಸಿ ತಳ್ಳುವಂಥದ್ದು ಪ್ರಾಮ್. ಕೂರಿಸಿ ತಳ್ಳುವಂಥದ್ದು ಸ್ಟ್ರಾಲರ್. ಛತ್ರಿ ಹಾಗೆ ಉದ್ದಕ್ಕೆ ಮಡಚಿ ಕೈಯಲ್ಲಿ ಹಿಡಿಯುವ ಹಗುರ ಸ್ಟ್ರಾಲರ್‌ಗೆ 60 ವರ್ಷದ ಇತಿಹಾಸವಿದೆ. ವಿಮಾನದ ಎಂಜಿನಿಯರ್ ಆಗಿದ್ದ ಇಂಗ್ಲೆಂಡಿನ ಓವನ್ ಮೆಕ್ಲಾರೆನ್ 1965ರಲ್ಲಿ ಅಲ್ಯೂಮಿನಿಯಂ ಕೊಳವೆಗಳಿಂದ ಅದನ್ನು ರೂಪಿಸಿದರು. ಇವತ್ತು ಅಂಗಡಿಗಳಲ್ಲಿ ಸಿಗುವ ಅಗ್ಗದ ಮಡಚುವ ಗಾಡಿಗಳಿಗೆಲ್ಲ ಅದೇ ಮೂಲ.

ವಾಕರ್ ಬೇರೆಯೇ ವಸ್ತು. ಮಗುವನ್ನು ನಡುವೆ ಕೂರಿಸಿ, ಅದೇ ಕಾಲಲ್ಲಿ ತಳ್ಳಿಕೊಂಡು ಓಡಾಡುವ ದುಂಡನೆಯ ಚಕ್ರದ ಪೀಠ ಅದು. ಮೆಟ್ಟಿಲಿಂದ ಉರುಳುವ ಅಪಾಯದ ಕಾರಣಕ್ಕೆ ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿದೆ. 'ಎರಡೂ ಒಂದೇ, ಇದು ಅಗ್ಗ' ಎಂದು ಯಾರಾದರೂ ಸ್ಟ್ರಾಲರ್ ಬದಲು ವಾಕರ್ ತೋರಿಸಿದರೆ ಬೇಡ ಅನ್ನುವುದೇ ಒಳ್ಳೇದು.

ಕತ್ತು ನಿಲ್ಲೋ ಮುಂಚೆ ಕೂರಿಸಬೇಡಿ

ಹುಟ್ಟಿದ ಮಗು ಮನೆಯಿಂದ ಮೊದಲು ಹೊರಗೆ ಹೋಗೋದೇ ಚುಚ್ಚುಮದ್ದಿಗೆ. ಸರ್ಕಾರಿ ವೇಳಾಪಟ್ಟಿಯಂತೆ 6ನೇ, 10ನೇ ಮತ್ತು 14ನೇ ವಾರಕ್ಕೆ ಆಸ್ಪತ್ರೆಗೆ ಹೋಗಬೇಕು. ಆ ಮೂರೂ ಸಲ ಮಗುವಿಗೆ ತಾನಾಗಿ ಕೂರುವ ಶಕ್ತಿ ಇರುವುದಿಲ್ಲ, ಕತ್ತೂ ಪೂರ್ತಿ ಬಲಿತಿರುವುದಿಲ್ಲ. ಒರಗಿ ಕೂರುವ ಸೀಟಿನಲ್ಲಿ ಇಷ್ಟು ಎಳೆಯ ಮಗುವನ್ನು ಇಟ್ಟರೆ ತಲೆ ಎದೆಯ ಮೇಲೆ ಬಾಗಿ ಉಸಿರಿಗೆ ತೊಂದರೆ ಆಗಬಹುದು.

ಹಾಗಾಗಿ ಮೊದಲ ಆರು ತಿಂಗಳಿಗೂ ಗಾಡಿ ಬೇಕು ಅನ್ನುವವರು ಸೀಟು ಪೂರ್ತಿ ಚಪ್ಪಟೆ ಆಗುವ ಮಾದರಿಯನ್ನೇ ನೋಡಬೇಕು. 'ಸ್ವಲ್ಪ ಹಿಂದಕ್ಕೆ ಬಾಗುತ್ತೆ' ಅಂದರೆ ಸಾಲದು. ಹಿಡಿಕೆಯನ್ನು ಆ ಕಡೆ ಈ ಕಡೆ ತಿರುಗಿಸಬಹುದಾದ ಗಾಡಿಯಾದರೆ ಇನ್ನೂ ಅನುಕೂಲ, ತಳ್ಳುವಾಗ ಮಗುವಿನ ಮುಖ ಕಾಣುತ್ತಿರುತ್ತದೆ. ಅಷ್ಟು ದುಡ್ಡು ಹಾಕುವುದು ಬೇಡ ಅನ್ನುವವರಿಗೆ ಅಜ್ಜಿಯ ತೋಳು, ಅಮ್ಮನ ಮಡಿಲು ಇದ್ದೇ ಇದೆ. ಮಗು ತಾನಾಗಿ ಕೂರಲು ಕಲಿತ ಮೇಲೆ ಹಗುರವಾದ ಮಡಚುವ ಗಾಡಿ ತಂದರೂ ನಡೆಯುತ್ತದೆ.

ಚಕ್ರ ಸಣ್ಣದಾದರೆ ಕಷ್ಟ

ಮಾಲ್‌ನ ನುಣುಪು ನೆಲದಲ್ಲಿ ಎಲ್ಲಾ ಗಾಡಿಯೂ ಚೆನ್ನಾಗೇ ಓಡುತ್ತದೆ. ಊರಿನ ರಸ್ತೆಯಲ್ಲಿ ಹಂಪು, ಜಲ್ಲಿ, ಅರ್ಧ ಮುಚ್ಚಿದ ಚರಂಡಿ, ಸಂತೆಯ ದಿನದ ಕೆಸರು ಎಲ್ಲಾ ಇರುತ್ತದೆ. ಅಂಗೈ ಅಗಲದ ಪ್ಲಾಸ್ಟಿಕ್ ಚಕ್ರಗಳು ಚರಂಡಿ ಚಪ್ಪಡಿಯ ಸಂದಿಯಲ್ಲಿ ಸಿಕ್ಕಿಕೊಂಡರೆ ಗಾಡಿ ಗಕ್ಕನೆ ನಿಂತು ಮುಂದಕ್ಕೆ ವಾಲುತ್ತದೆ. ಚಕ್ರ ದೊಡ್ಡದಿದ್ದಷ್ಟೂ ಗುಂಡಿ ದಾಟುವುದು ಸುಲಭ. ಗಾಳಿ ತುಂಬುವ ಟೈರ್ ಇದ್ದರೆ ಕುಲುಕಾಟ ಕಮ್ಮಿ, ಆದರೆ ಪಂಕ್ಚರ್ ಆಗುತ್ತೆ, ತೂಕವೂ ಜಾಸ್ತಿ. ಫೋಮ್ ತುಂಬಿದ ರಬ್ಬರಿನಂಥ ಚಕ್ರ ಇವೆರಡರ ನಡುವಿನದು. ಮುಂದಿನ ಚಕ್ರ ಸುತ್ತ ತಿರುಗುವಂತಿರಬೇಕು, ಕಚ್ಚಾ ರಸ್ತೆಗೆ ಬಂದಾಗ ಅದನ್ನು ನೇರಕ್ಕೆ ಲಾಕ್ ಮಾಡಲೂ ಬರಬೇಕು.

ಮನೆಯಿಂದ ಹೊರಗೆ ಬರೀ ಮಣ್ಣುದಾರಿಯೇ ಇದ್ದರೆ, ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದರೆ ಗಾಡಿ ಬೇಕೇ ಅನ್ನೋದನ್ನೇ ಇನ್ನೊಮ್ಮೆ ಯೋಚಿಸಬೇಕು. ದಿನಾ ಹೊತ್ತು ಹತ್ತಿಸಿ ಇಳಿಸಬೇಕಾದ ಹತ್ತು ಕೆ.ಜಿ. ಗಾಡಿ ಯಾರಿಗೂ ಬೇಡವಾಗುತ್ತದೆ.

ಜೀವ ಉಳಿಸೋದು ಮೂರು ಭಾಗ

ಬೆಲ್ಟ್: ಎರಡು ಭುಜ, ಎರಡು ಸೊಂಟ, ಒಂದು ಕಾಲ ನಡುವೆ, ಹೀಗೆ ಐದು ಕಡೆಯಿಂದ ಬಂದು ಸೇರುವ ಬೆಲ್ಟ್ ಇರಲಿ. ಬರೀ ಸೊಂಟದ ಬೆಲ್ಟ್ ಇದ್ದರೆ ಮಗು ಎದ್ದು ನಿಲ್ಲುತ್ತದೆ, ಇಲ್ಲವೇ ಕೆಳಗೆ ಜಾರುತ್ತದೆ. 'ಇಲ್ಲೇ ಅಂಗಡಿವರೆಗೆ ತಾನೇ' ಎಂದು ಬೆಲ್ಟ್ ಹಾಕದೆ ಹೊರಡಬಾರದು.

ಬ್ರೇಕ್: ಹಿಂದಿನ ಎರಡೂ ಚಕ್ರ ಒಟ್ಟಿಗೆ ಹಿಡಿಯಬೇಕು. ಮಡಿಕೇರಿ, ಸಕಲೇಶಪುರದ ಕಡೆಯ ಏರುತಗ್ಗಿನ ಊರುಗಳಲ್ಲಂತೂ ಇದು ಮುಖ್ಯ. ಬಸ್ಸಿಗೆ ಕಾಯುವಾಗ, ಅಂಗಡಿಯಲ್ಲಿ ಚಿಲ್ಲರೆ ಎಣಿಸುವಾಗ ಬ್ರೇಕ್ ಒತ್ತಿಯೇ ಕೈ ಬಿಡಬೇಕು.

ಮಡಚುವ ಲಾಕ್: ಬಿಚ್ಚಿದ ಮೇಲೆ 'ಟಕ್' ಅಂತ ಕೂತಿದೆಯಾ ನೋಡಿಕೊಂಡೇ ಮಗುವನ್ನು ಕೂರಿಸಬೇಕು. ಮಡಚುವಾಗ, ಬಿಚ್ಚುವಾಗ ಮಗು ಹತ್ತಿರ ಇರಬಾರದು. ಕೀಲಿನ ಸಂದಿಯಲ್ಲಿ ಮಕ್ಕಳ ಬೆರಳ ತುದಿ ತುಂಡಾದ ಪ್ರಕರಣಗಳಿಂದಾಗಿ 2009ರಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಗಾಡಿಗಳಿಗೆ ಕೀಲು ಮುಚ್ಚುವ ಕವಚ ಕೊಡಬೇಕಾಗಿ ಬಂತು. ಬ್ರ್ಯಾಂಡ್ ದೊಡ್ಡದು ಅಂದಮಾತ್ರಕ್ಕೆ ಕಣ್ಣುಮುಚ್ಚಿ ನಂಬುವ ಹಾಗಿಲ್ಲ.

ಇನ್ನೊಂದು ಮಾತು. ತರಕಾರಿ ಚೀಲವನ್ನು ಹಿಡಿಕೆಗೆ ನೇತುಹಾಕೋದು ಎಲ್ಲರ ಅಭ್ಯಾಸ. ಮಗುವನ್ನು ಎತ್ತಿಕೊಂಡ ಕ್ಷಣ ಗಾಡಿ ಹಿಂದಕ್ಕೆ ಮಗುಚುತ್ತದೆ. ಮಗು ಹಗುರವಿದ್ದರೆ ಒಳಗಿದ್ದಾಗಲೂ ಮಗುಚಬಹುದು. ಸಾಮಾನು ಸೀಟಿನ ಕೆಳಗಿನ ಬುಟ್ಟಿಯಲ್ಲೇ ಇರಲಿ.

ಎರಡನೇ ಮಗು ಬಂದರೆ?

ಬಹಳಷ್ಟು ಗಾಡಿಗಳ ಮೇಲೆ 15 ಕೆ.ಜಿ. ಮಿತಿ ಎಂದು ಬರೆದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ ಒಂದು ವರ್ಷದ ಗಂಡುಮಗುವಿನ ಮಧ್ಯಮ ತೂಕ 9.6 ಕೆ.ಜಿ., ಎರಡು ವರ್ಷಕ್ಕೆ 12.2, ಮೂರು ವರ್ಷಕ್ಕೆ 14.3. ಹೆಣ್ಣುಮಗುವಿನದು ಸ್ವಲ್ಪ ಕಮ್ಮಿ. ಅಂದರೆ ಒಂದು ಒಳ್ಳೆಯ ಗಾಡಿ ಮೂರು ವರ್ಷದವರೆಗೂ ಬರುತ್ತದೆ. ಮೂರು ವರ್ಷದ ಅಂತರದಲ್ಲಿ ಎರಡನೇದಾದರೆ ಹೊಸದು ಬೇಕಿಲ್ಲ, ಅದೇ ಗಾಡಿ ಸಾಕು. ಹಾಗಾಗಿ ಮೊದಲ ಸಲವೇ ಪೂರ್ತಿ ಮಲಗಿಸಬಹುದಾದ, ಬಟ್ಟೆ ಬಿಚ್ಚಿ ತೊಳೆಯಬಹುದಾದ ಗಾಡಿ ತಂದರೆ ಇಬ್ಬರಿಗೂ ಆಗುತ್ತದೆ.

ಅಂತರ ಒಂದೂವರೆ, ಎರಡು ವರ್ಷವಾದರೆ ಲೆಕ್ಕ ಬೇರೆ. ಇಬ್ಬರು ಅಕ್ಕಪಕ್ಕ ಕೂರುವ ಜೋಡಿ ಗಾಡಿ ಅಗಲವಾಗಿರುತ್ತದೆ. ಕೊಳ್ಳುವ ಮುಂಚೆ ಮನೆಯ ಬಾಗಿಲು, ಗೇಟು ಎರಡನ್ನೂ ಟೇಪ್ ಹಿಡಿದು ಅಳೆಯಿರಿ. ಒಬ್ಬರ ಹಿಂದೊಬ್ಬರು ಕೂರುವ ಗಾಡಿ ಬಾಗಿಲಲ್ಲಿ ಹೋಗುತ್ತದೆ, ಆದರೆ ಉದ್ದ ಜಾಸ್ತಿ, ತಿರುವಿನಲ್ಲಿ ಕಷ್ಟ. ಅವಳಿ ಮಕ್ಕಳಿಲ್ಲದಿದ್ದರೆ ಇದೆರಡೂ ಬೇಡ. ಚಿಕ್ಕದನ್ನು ಎದೆಗೆ ಕಟ್ಟಿಕೊಂಡು ದೊಡ್ಡದನ್ನು ಗಾಡಿಯಲ್ಲಿ ಕೂರಿಸುವುದೇ ಹೆಚ್ಚಿನ ಮನೆಗಳಿಗೆ ಸರಿಹೋಗುತ್ತದೆ. ಒಬ್ಬರಿಗೆ ಮಾಡಿದ ಸೀಟಿನಲ್ಲಿ ಇಬ್ಬರನ್ನು ಮಾತ್ರ ಕೂರಿಸಲೇಬಾರದು.

ಬೈಕಿನವರು ಗಮನಿಸಿ

ಸ್ಕೂಟರ್‌ನಲ್ಲಿ ಅಪ್ಪ, ಅಮ್ಮ, ಮಗು, ಕಾಲಿನ ಬಳಿ ಮಡಚಿದ ಗಾಡಿ. ಈ ದೃಶ್ಯ ಜಾತ್ರೆ, ಸಂತೆಯಲ್ಲಿ ಸಾಮಾನ್ಯ. ಉದ್ದದ ಗಾಡಿ ಎರಡೂ ಕಡೆ ಚಾಚಿಕೊಂಡರೆ ಹ್ಯಾಂಡಲ್ ತಿರುಗುವುದಿಲ್ಲ. ಬೈಕೇ ಗತಿ ಅನ್ನುವವರು ಗಾಡಿಯನ್ನು ಮನೆಯ ಸುತ್ತಮುತ್ತಲ ಓಡಾಟಕ್ಕೆ ಇಟ್ಟುಕೊಳ್ಳುವುದೇ ಕ್ಷೇಮ. 2023ರ ಫೆಬ್ರವರಿಯಿಂದ ಜಾರಿಗೆ ಬಂದಿರುವ ಕೇಂದ್ರದ ನಿಯಮದಂತೆ ನಾಲ್ಕು ವರ್ಷದೊಳಗಿನ ಮಗುವನ್ನು ಬೈಕಿನಲ್ಲಿ ಒಯ್ಯುವಾಗ ಸುರಕ್ಷತಾ ಪಟ್ಟಿ ಕಟ್ಟಬೇಕು, ವೇಗ ಗಂಟೆಗೆ 40 ಕಿ.ಮೀ. ದಾಟಬಾರದು. 9 ತಿಂಗಳು ತುಂಬಿದ ಮಗುವಿಗೆ ಹೆಲ್ಮೆಟ್ ಕೂಡ ಬೇಕು.

ಬಿಸಿಲಿಗೆ ಟವೆಲ್ ಹೊದಿಸಬೇಡಿ

ಬೇಸಿಗೆಯಲ್ಲಿ ಗಾಡಿಯ ಮೇಲೆ ಟವೆಲ್, ಶಾಲು ಪೂರ್ತಿ ಮುಚ್ಚುವವರಿದ್ದಾರೆ. ನೆರಳಾಗುತ್ತೆ ನಿಜ, ಆದರೆ ಗಾಳಿ ಆಡದೆ ಒಳಗೆ ಕಾವು ಏರುತ್ತದೆ, ಮಗುವೂ ಕಾಣುವುದಿಲ್ಲ. ಅಗಲವಾದ ಮೇಲ್ಛಾವಣಿ, ಬದಿಗೆ ಜಾಲರಿ ಇರುವ ಗಾಡಿ ಒಳ್ಳೆಯದು. ನಡುಮಧ್ಯಾಹ್ನ ಹೊರಗೆ ಹೋಗದಿರುವುದು ಎಲ್ಲಕ್ಕಿಂತ ಒಳ್ಳೆಯದು.

ಬಿಲ್ ಕೇಳಿ, ಬಿಲ್ ಕೊಡಿ

ಪೆಟ್ಟಿಗೆಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಇರಲೇಬೇಕು. ಹೊರದೇಶದ್ದಾದರೆ ಯಾವ ದೇಶದ್ದು ಅಂತಲೂ ಇರಬೇಕು. ಇಲ್ಲದ ಮಾಲು ಇಟ್ಟುಕೊಂಡರೆ ತಪಾಸಣೆಯಲ್ಲಿ ಸಿಕ್ಕಿಬೀಳುವುದು ಅಂಗಡಿಯವರೇ. 'ಮಾರಿದ ಮಾಲು ವಾಪಸ್ ಇಲ್ಲ' ಎಂಬ ಬೋರ್ಡ್ ದೋಷವಿರುವ ಸರಕಿಗೆ ಅನ್ವಯಿಸುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಬಿಲ್‌ನಲ್ಲಿ ಅವಧಿ ನಮೂದಿಸದಿದ್ದರೆ 30 ದಿನದೊಳಗೆ ದೋಷದ ಸರಕನ್ನು ಹಿಂಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ. ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ನೆಂಟರ ಮನೆಯ ಹಳೇ ಗಾಡಿ ಸಿಕ್ಕರೆ ಬೇಡ ಅನ್ನಬೇಕಿಲ್ಲ. ಬೆಲ್ಟಿನ ಬಕಲ್, ಬ್ರೇಕ್, ಕೀಲು ಸರಿ ಇದ್ದರೆ ತೊಳೆದು ಬಳಸಬಹುದು. ಇವುಗಳಲ್ಲಿ ಒಂದು ಹೋಗಿದ್ದರೂ ದಾರ, ತಂತಿ ಕಟ್ಟಿ ಓಡಿಸುವುದು ಬೇಡ.

ಅಂಗಡಿಯಲ್ಲೇ ಮಾಡಿ ನೋಡಿ

1. ಒಂದು ಕೈಯಲ್ಲಿ ತಳ್ಳಿ. ನೇರ ಹೋಗುತ್ತಾ, ಎಳೆಯುತ್ತಾ?
2. ಬ್ರೇಕ್ ಹಾಕಿ ಜೋರಾಗಿ ನೂಕಿ. ಚಕ್ರ ಉರುಳಿದರೆ ಬೇಡ.
3. ನೀವೇ ಮಡಚಿ, ನೀವೇ ಬಿಚ್ಚಿ, ನೀವೇ ಎತ್ತಿ. ದಿನಾ ತಳ್ಳುವವರು ಅಜ್ಜಿಯಾದರೆ ಅವರನ್ನೇ ಕರೆದುಕೊಂಡು ಹೋಗಿ.
4. ಹಿಡಿಕೆ ಸೊಂಟದ ಎತ್ತರಕ್ಕೆ ಬರುತ್ತಾ ನೋಡಿ. ಬಗ್ಗಿ ತಳ್ಳಿದರೆ ಬೆನ್ನು ನೋವು ಗ್ಯಾರಂಟಿ.
5. ಅಂಗಡಿಯ ಹೊಸ್ತಿಲು ದಾಟಿಸಿ, ಮುಂದಿನ ರಸ್ತೆಯಲ್ಲಿ ಹತ್ತು ಹೆಜ್ಜೆ ಓಡಿಸಿ.

ಐದನೆಯದಕ್ಕೆ ಬೇಡ ಅನ್ನದ ಅಂಗಡಿಯಲ್ಲೇ ಗಾಡಿ ಕೊಳ್ಳಿ. ರಸ್ತೆಗೆ ಇಳಿಸಿ ತೋರಿಸುವ ಅಂಗಡಿಯವರಿಗೂ ಆಮೇಲೆ ವಾಪಸ್ ಬರುವ ಮಾಲು ಕಮ್ಮಿ.