ಸೇವೆ ಮಾಡುವವರ ಬೆನ್ನಿನ ಚಿಂತೆ

ಮನೆಯಲ್ಲಿ ಹಿರಿಯರೊಬ್ಬರು ಹಾಸಿಗೆ ಹಿಡಿದರೆ ಅವರ ಔಷಧ, ಪಥ್ಯ, ಶುಚಿತ್ವಗಳ ಬಗೆಗೆ ಮನೆಮಂದಿಯೆಲ್ಲ ಕಾಳಜಿ ವಹಿಸುತ್ತಾರೆ. ಆದರೆ ದಿನಕ್ಕೆ ಹತ್ತಾರು ಬಾರಿ ಅವರನ್ನು ಮಗ್ಗುಲು ಬದಲಿಸಿ, ಎಬ್ಬಿಸಿ ಕೂರಿಸಿ, ಬಚ್ಚಲಿಗೆ ಕರೆದೊಯ್ಯುವ ಸೊಸೆ, ಮಗಳು ಅಥವಾ ಆಯಾಳ ಬೆನ್ನಿನ ಬಗೆಗೆ ಯೋಚಿಸುವವರು ವಿರಳ. ಆರು ತಿಂಗಳ ಸೇವೆಯ ನಂತರ ಸೇವೆ ಮಾಡಿದವರೇ ಹಾಸಿಗೆ ಹಿಡಿದರೆ ಆ ಮನೆಯ ಗತಿಯೇನು? ಕಾಯಕಕ್ಕೆ ಕಾಯವೇ ಸಾಧನವಾಗಿರುವಾಗ, ಆ ಸಾಧನವನ್ನು ಕಾಪಾಡಿಕೊಳ್ಳುವುದೂ ಸೇವೆಯ ಒಂದು ಅಂಗವೆಂದು ನಾವು ಭಾವಿಸುತ್ತೇವೆ.

ಮಾಗಡಿ ರಸ್ತೆಯ ಆಸುಪಾಸಿನ ಶ್ರೀಗಂಧದ ಕಾವಲ್, ಸುಂಕದಕಟ್ಟೆ, ಹೆಗ್ಗನಹಳ್ಳಿಗಳಲ್ಲಿ ಇಂದು ಮನೆಗಳು ಒತ್ತೊತ್ತಾಗಿ ನಿಂತಿವೆ. ಗಂಧದ ಕಾವಲು ಹೆಸರಿನಲ್ಲಷ್ಟೇ ಉಳಿದಿದೆ. ಇಲ್ಲಿಂದ ರಾಜಾಜಿನಗರ, ಬಸವೇಶ್ವರನಗರಗಳ ಆಸ್ಪತ್ರೆಗಳಿಗೆ ದುಡಿಯಲು ಹೋಗಿ, ಸಂಜೆ ಮರಳಿ ಮನೆಯ ಹಿರಿಯರಿಗೂ ಅದೇ ಶುಶ್ರೂಷೆ ಮಾಡುವ ಹೆಣ್ಣುಮಕ್ಕಳಿದ್ದಾರೆ. ಚಿಕ್ಕ ಕೋಣೆಯಲ್ಲಿ ಮಂಚವನ್ನು ಗೋಡೆಗೆ ಒತ್ತಿ ಹಾಕುವುದು ಸಾಮಾನ್ಯ. ಆಗ ರೋಗಿಯ ಆಚೆ ಬದಿಯನ್ನು ಮುಟ್ಟಲು ಮಂಚದ ಮೇಲೆ ಬಾಗಿ ಕೈಚಾಚಲೇಬೇಕು. ಬೆನ್ನಿಗೆ ಕೇಡು ಮೊದಲಾಗುವುದು ಹೆಚ್ಚಾಗಿ ಅಲ್ಲಿಯೇ.

ಭಾರದ ಲೆಕ್ಕಾಚಾರ

ನಮ್ಮ ತಾಯಂದಿರು ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿಕೊಂಡು ತರುತ್ತಿದ್ದರೇ ಹೊರತು ಮುಂಗೈ ಚಾಚಿ ತರುತ್ತಿರಲಿಲ್ಲ. ಇದರ ಹಿಂದೆ ಸನ್ನೆಗೋಲಿನ ನಿಯಮವಿದೆ. ಬೆನ್ನನ್ನು ಎತ್ತಿ ಹಿಡಿಯುವ ಸ್ನಾಯುಗಳು ಬೆನ್ನುಮೂಳೆಯ ತಿರುಗುಬಿಂದುವಿನಿಂದ ಸುಮಾರು 5 ಸೆಂ.ಮೀ. ಹಿಂದಿರುತ್ತವೆ. ನಾವು 10 ಕೆ.ಜಿ. ಭಾರವನ್ನು 50 ಸೆಂ.ಮೀ. ಮುಂದೆ ಹಿಡಿದರೆ ಆ ಸ್ನಾಯುಗಳು ಹತ್ತು ಪಟ್ಟು, ಅಂದರೆ 100 ಕೆ.ಜಿ. ಯಷ್ಟು ಎಳೆಯಬೇಕಾಗುತ್ತದೆ. ಭಾರವನ್ನು 25 ಸೆಂ.ಮೀ. ಹತ್ತಿರಕ್ಕೆ ತಂದರೆ ಅದು ಅರ್ಧಕ್ಕೆ ಇಳಿಯುತ್ತದೆ. ಬಾಗಿದ ಮುಂಡದ ಭಾರ ಇದಕ್ಕೆ ಪ್ರತ್ಯೇಕ. ಈ ಒತ್ತಡವೆಲ್ಲ ಕಶೇರುಕಗಳ ನಡುವಣ ಮೆತ್ತೆಗಳ ಮೇಲೆ ಬೀಳುತ್ತದೆ. ಬಾಗಿರುವಾಗಲೇ ಸೊಂಟ ತಿರುಚಿದರೆ ಅಪಾಯ ಇನ್ನೂ ಹೆಚ್ಚು.

60 ಕೆ.ಜಿ. ತೂಗುವವರ ಒಂದು ಕಾಲೇ ಸುಮಾರು 9-10 ಕೆ.ಜಿ. ಇರುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಸಂಶೋಧಕರು 2007ರಲ್ಲಿ ರೋಗಿಯನ್ನು ಎತ್ತುವ ಕೆಲಸಕ್ಕೆ ಸುಮಾರು 16 ಕೆ.ಜಿ. ಮಿತಿಯನ್ನು ಸೂಚಿಸಿದರು. ಅದೂ ಸನ್ನಿವೇಶ ಅನುಕೂಲವಾಗಿದ್ದಾಗ ಮಾತ್ರ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ನರ್ಸಿಂಗ್ 1996ರಲ್ಲಿಯೇ, ತುರ್ತು ಸಂದರ್ಭಗಳನ್ನು ಬಿಟ್ಟು ರೋಗಿಯನ್ನು ಬರಿಗೈಯಿಂದ ಎತ್ತುವ ಪದ್ಧತಿಯನ್ನು ಕೈಬಿಡಬೇಕೆಂದು ತಿಳಿಸಿತು. ಬಾಗುವ ರೀತಿಯನ್ನು ಕಲಿಸಿದ ಮಾತ್ರಕ್ಕೆ ದಾದಿಯರ ಬೆನ್ನುನೋವು ತಗ್ಗುವುದಿಲ್ಲವೆಂದೂ, ಸಲಕರಣೆ ಮತ್ತು ಸಹಾಯದ ಕೈಗಳು ಸೇರಿದಾಗ ಫಲ ಕಾಣುತ್ತದೆಂದೂ ಅನುಭವ ತೋರಿಸಿದೆ. ಆದುದರಿಂದ ಎತ್ತುವುದನ್ನು ಆದಷ್ಟು ತಪ್ಪಿಸುವುದೇ ಮೊದಲ ನಿಯಮ. ಸರಿಯಾಗಿ ಎತ್ತುವುದು ನಂತರದ್ದು.

ಅನುಸರಿಸಬೇಕಾದ ಕ್ರಮ

ಮಂಚದ ಎರಡೂ ಬದಿಗೆ ಆಳು ನಿಲ್ಲುವಷ್ಟು ಜಾಗ ಬಿಡಬೇಕು. ಕಾಲುಗಳ ಕೆಳಗೆ ಅಲುಗಾಡದ ಮರದ ದಿಮ್ಮಿಗಳನ್ನಿಟ್ಟು ಹಾಸಿಗೆಯನ್ನು ಸೊಂಟದ ಮಟ್ಟಕ್ಕೆ ತರಬಹುದು. ರೋಗಿ ಇಳಿದು ನಡೆಯುವವರಾದರೆ ಅವರ ಪಾದ ನೆಲಕ್ಕೆ ತಾಗುವಷ್ಟೇ ಎತ್ತರವಿರಲಿ. ಮುಟ್ಟುವ ಮುನ್ನ ಏನು ಮಾಡಲಿದ್ದೇವೆಂದು ಅವರಿಗೆ ತಿಳಿಸಬೇಕು. ಅವರು ತಮ್ಮಿಂದಾದಷ್ಟು ಒತ್ತಾಸೆ ನೀಡಿದರೆ ನಮ್ಮ ಭಾರ ಇಳಿಯುತ್ತದೆ, ಅವರ ಶಕ್ತಿಯೂ ಉಳಿಯುತ್ತದೆ.

ನಿಲ್ಲುವಾಗ ಪಾದಗಳನ್ನು ಭುಜದಗಲಕ್ಕೆ ಇರಿಸಿ, ಒಂದನ್ನು ತುಸು ಮುಂದಿಡಬೇಕು. ಮೊಣಕಾಲು ಮಡಿಸಿ, ಬೆನ್ನನ್ನು ಸಹಜವಾಗಿರಿಸಿ, ರೋಗಿಗೆ ಆದಷ್ಟು ಹತ್ತಿರ ನಿಂತು, ತೊಡೆಯ ಬಲವನ್ನು ಬಳಸಬೇಕು. ತಿರುಗಬೇಕಾದರೆ ಸೊಂಟವನ್ನಲ್ಲ, ಪಾದಗಳನ್ನು ತಿರುಗಿಸಬೇಕು.

ಮಗ್ಗುಲು ಬದಲಿಸುವಾಗ ರೋಗಿಯ ಆಚೆಯ ಮೊಣಕಾಲನ್ನು ಮಡಿಸಿ, ಭುಜ ಮತ್ತು ಸೊಂಟದ ಬಳಿ ಕೈಯಿಟ್ಟು ನಮ್ಮ ಕಡೆಗೆ ಹೊರಳಿಸಿದರೆ ಅಲ್ಪ ಬಲವೇ ಸಾಕು. ಮೇಲಕ್ಕೆ ಸರಿಸಬೇಕಾದಾಗ ಮಡಿಸಿದ ಗಟ್ಟಿ ಹೊದಿಕೆಯನ್ನು ಅವರ ಕೆಳಗೆ ಹಾಸಿ, ಇಬ್ಬರು ಎರಡು ಬದಿಯಲ್ಲಿ ನಿಂತು, ಒಂದು ಎರಡು ಮೂರು ಎಂದು ಎಣಿಸಿ ಜಾರಿಸಬೇಕು.

ಎಬ್ಬಿಸಿ ನಿಲ್ಲಿಸುವಾಗ ಕಂಕುಳಿಗೆ ಕೈಹಾಕಿ ಎಳೆಯಬಾರದು. ಪಾರ್ಶ್ವವಾಯು ಪೀಡಿತರ ಭುಜ ಇದರಿಂದ ಕೀಲು ಸಡಿಲಬಹುದು. ನಮ್ಮ ಕುತ್ತಿಗೆಗೆ ಅವರು ಜೋತುಬೀಳಲು ಬಿಡಲೂಬಾರದು. ಅವರ ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿ, ಪಾದಗಳನ್ನು ನೆಲಕ್ಕೂರಿಸಿ, ಮೂಗು ಮೊಣಕಾಲಿನ ಮುಂದೆ ಬರುವಷ್ಟು ಬಾಗಿಸಿದರೆ ಅವರು ತಾವಾಗಿಯೇ ಏಳತೊಡಗುತ್ತಾರೆ. ಗಾಲಿಕುರ್ಚಿಯನ್ನು ಅವರ ಬಲವಿರುವ ಬದಿಗೆ ಇಟ್ಟು ಬ್ರೇಕ್ ಹಾಕುವುದನ್ನು ಮರೆಯಬಾರದು. ನೆಲಮಟ್ಟದ ಶೌಚಾಲಯಕ್ಕೆ ದಿನವೂ ಕೂರಿಸಿ ಎಬ್ಬಿಸುವುದರ ಬದಲು ಕಮೋಡ್ ಕುರ್ಚಿಯನ್ನೂ, ಸ್ನಾನಕ್ಕೆ ಗಟ್ಟಿಯಾದ ಸ್ಟೂಲನ್ನೂ ಕೊಳ್ಳುವುದು ಖರ್ಚಲ್ಲ, ಉಳಿತಾಯ.

ರೋಗಿ ಕುಸಿಯತೊಡಗಿದರೆ ಬಲವಂತವಾಗಿ ಎತ್ತಿ ಹಿಡಿಯಲು ಹೋಗಬಾರದು. ತಲೆಗೆ ಪೆಟ್ಟಾಗದಂತೆ ನಮ್ಮ ಮೈಗೆ ಒರಗಿಸಿ ನಿಧಾನವಾಗಿ ನೆಲಕ್ಕೆ ಇಳಿಸಿ, ನಂತರ ನೆರವಿಗೆ ಕೂಗಬೇಕು.

ನೋವು ಬಂದಾಗ

ಸೊಂಟದ ಪಟ್ಟಿ ಕಟ್ಟಿಕೊಂಡರೆ ಗಾಯ ತಪ್ಪುತ್ತದೆಂಬುದಕ್ಕೆ ಆಧಾರವಿಲ್ಲ. ಸಾಮಾನ್ಯ ಬೆನ್ನುನೋವಿಗೆ ವಾರಗಟ್ಟಲೆ ಮಲಗುವುದಕ್ಕಿಂತ ಹಗುರವಾಗಿ ಓಡಾಡುವುದೇ ಮೇಲು. ಆದರೆ ನೋವು ಕಾಲಿಗಿಳಿದು ಬಲ ಕುಂದಿದರೆ, ತೊಡೆಸಂದು ಮರಗಟ್ಟಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಇ.ಎಸ್.ಐ. ವಿಮೆಯುಳ್ಳ ನೌಕರರು ಕೆಲಸದ ವೇಳೆಯಲ್ಲಾದ ಗಾಯವನ್ನು ಅಂದೇ ಮೇಲಧಿಕಾರಿಗೆ ತಿಳಿಸಿ ದಾಖಲಿಸಬೇಕು. ಚಿಕಿತ್ಸೆಯಷ್ಟೇ ಅಲ್ಲದೆ, ದುಡಿಯಲಾಗದ ದಿನಗಳಿಗೆ ವೇತನದ ಶೇ. 90ರಷ್ಟು ಪರಿಹಾರಕ್ಕೂ ವಿಮಾದಾರರಿಗೆ ಹಕ್ಕಿದೆ. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ಈ ಭಾಗದವರಿಗೆ ದೂರವೇನಲ್ಲ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದ ರೋಗಿಗೆ ಹಗಲಿರುಳು ಸೇರಿ ಹನ್ನೆರಡು ಬಾರಿ ಕೈಕೊಡಬೇಕು. ಆ ಹನ್ನೆರಡೂ ಬಾರಿ ಒಬ್ಬಳೇ ಹೆಣ್ಣುಮಗಳ ಬೆನ್ನೇ ಬಾಗಬೇಕೆಂಬ ಕಟ್ಟಳೆ ಯಾವ ಮನೆಯಲ್ಲಿಯೂ ಇರಬಾರದು. ಮನೆಯ ಗಂಡಸರು, ಬೆಳೆದ ಮಕ್ಕಳು, ನೆರೆಹೊರೆಯವರು ಸರದಿಯಂತೆ ಹೊದಿಕೆಯ ಇನ್ನೊಂದು ತುದಿಯನ್ನು ಹಿಡಿಯಲಿ. ಹಿರಿಯರಿಗೆ ಮಾಡುವ ಸೇವೆಯ ಜೊತೆಗೆ ಸೇವೆ ಮಾಡುವವರ ಆರೋಗ್ಯವೂ ಉಳಿಯಲೆಂದು ನಾವು ವಾಚಕ ಬಂಧುಗಳಲ್ಲಿ ವಿನಂತಿಸುತ್ತೇವೆ.